ಅಮ್ಮನ ಬ್ಯಾಟರಿಗೆ ಯಾವ ಸೆಲ್ಲು?

ನಮ್ಮ ಹೊಸನಗರದ ಕಡೆ ಟಾರ್ಚಿಗೆ ಬ್ಯಾಟರಿ ಎಂದೇ ಹೆಸರು. ಅದರ ಹೊಟ್ಟೆಗೆ ಹಾಕುವುದು ಸೆಲ್ಲು. ಹಳಬರ ಬಾಯಲ್ಲಿ ಶೆಲ್ಲು. ‘ಸ್ವಲ್ಪ ಬ್ಯಾಟರಿ ಬಿಡು’ ಎಂದರೆ ದಾರಿಗೆ ಬೆಳಕು ಹಿಡಿ ಎಂದರ್ಥ. ಬೆಂಗಳೂರಿಗೆ ಬಂದ ಹೊಸತರಲ್ಲಿ ಅಂಗಡಿಯಲ್ಲಿ ಬ್ಯಾಟರಿ ಕೇಳಿ, ಅವರು ಸೆಲ್ಲು ಕೊಟ್ಟು, ನಾನು ಇದಲ್ಲ ಎಂದು, ಹಿಂದೆ ನಿಂತವರು ನಕ್ಕು, ಅಂದಿನಿಂದ ಟಾರ್ಚು ಎನ್ನಲು ಕಲಿತೆ. ಹೀಗೆ ಊರಿನ ಮಾತನ್ನು ತಿದ್ದಿಕೊಂಡವನಿಗೆ ಊರನ್ನೇ ತಿದ್ದುವ ಚಟವೂ ಮೆಲ್ಲಗೆ ಹತ್ತಿಕೊಳ್ಳುತ್ತದೆ. ನಾನು ಮಾಡಿದ ಅಂಥದೊಂದು ತಿದ್ದುಪಡಿಯ ಕತೆ ಇದು.

ಎರಡು ವರ್ಷದ ಹಿಂದಿನ ಮೇ ತಿಂಗಳು. ಬಚ್ಚಲಮನೆಯ ಹಿಂದೆ ಬಸಳೆ ಚಪ್ಪರಕ್ಕೆ ಗೂಟ ನೆಡಲು ಗುಂಡಿ ತೋಡುತ್ತಿದ್ದೆ. ಒಂದು ಮೊಳ ಆಳದಲ್ಲಿ ಹಳೆಯ ದಪ್ಪ ಸೆಲ್ಲುಗಳು ಸಿಕ್ಕವು. ಒಂದಲ್ಲ, ಎರಡಲ್ಲ, ಹನ್ನೊಂದು. ಅಪ್ಪ ಇದ್ದಾಗ ಮನೆಯಲ್ಲಿ ಮೂರು ಸೆಲ್ಲಿನ ಉದ್ದದ ಸ್ಟೀಲು ಬ್ಯಾಟರಿ ಇತ್ತು. ತೋಟಕ್ಕೆ ಹಂದಿ ಬಂದರೆ ಅದೇ ಬೆಳಕು, ಬೇಕಾದರೆ ಅದೇ ದೊಣ್ಣೆ. ಅದು ತಿಂದು ಉಗುಳಿದ ಸೆಲ್ಲುಗಳಿವು. ಹೊರಗಿನ ತಗಡು ತೂತುಬಿದ್ದು, ಒಳಗಿನ ಕಪ್ಪು ಹಿಟ್ಟು ಮಣ್ಣಿಗೆ ಸೇರಿತ್ತು. ನಡುವಿನ ಇದ್ದಿಲು ಕಡ್ಡಿ ಮಾತ್ರ ಹಾಗೇ ಇತ್ತು. ಚಿಕ್ಕವರಿದ್ದಾಗ ಆ ಕಡ್ಡಿಗಾಗಿ ಸೆಲ್ಲು ಜಜ್ಜಿ, ಜಗಲಿಯ ಗೋಡೆ ತುಂಬ ಗೀಚಿ ಏಟು ತಿಂದಿದ್ದೇವೆ. ಈ ಅಗ್ಗದ ಸೆಲ್ಲಿನಲ್ಲಿ ಸತುವಿನ ಡಬ್ಬಿಯೇ ಪಾತ್ರೆ, ಡಬ್ಬಿಯೇ ಸೌದೆ. ಬೆಳಕು ಕೊಡುತ್ತ ಕೊಡುತ್ತ ಅದು ತನ್ನ ಮೈಯನ್ನೇ ಕರಗಿಸಿಕೊಳ್ಳುತ್ತದೆ. ಹಾಗಾಗಿಯೇ ಕೊನೆಗೆ ಸೋರುತ್ತದೆ.

ನಾನು ಆ ಹನ್ನೊಂದನ್ನು ಜಗಲಿಯ ಮೇಲೆ ಸಾಲಾಗಿ ಇಟ್ಟು ಅಮ್ಮನಿಗೆ ಉಪನ್ಯಾಸ ಕೊಟ್ಟೆ. ಬಸಳೆಯ ಬೇರು, ಕೆಳಗಿನ ಬಾವಿ, ಮುಂದಿನ ತಲೆಮಾರು, ಎಲ್ಲ ಬಂತು. ಅಮ್ಮ ಅಕ್ಕಿ ಆರಿಸುತ್ತಲೇ ಕೇಳಿದಳು, “ಹಂಗಾದ್ರೆ ಇಷ್ಟು ವರ್ಷ ನಾವು ಮಾಡಿದ್ದು ಪಾಪವಾ ಮಾರಾಯ?” ನಾನು ಪಾಪ ಎಂದೇನೂ ಅಲ್ಲ, ಗೊತ್ತಿರಲಿಲ್ಲ ಅಷ್ಟೇ, ಎಂದೆ. ಕ್ಷಮಿಸುವ ಅಧಿಕಾರ ನನಗೆ ಯಾರು ಕೊಟ್ಟರೋ! ಮಾರನೆಯ ವಾರವೇ ಎರಡು ಪೆನ್ಸಿಲ್ ಸೆಲ್ಲಿನ ಪುಟ್ಟ ಎಲ್‌ಇಡಿ ಟಾರ್ಚು, ಒಂದು ಚಾರ್ಜರು, ಒಂದು ಜೊತೆ ರೀಚಾರ್ಜಬಲ್ ಸೆಲ್ಲು ತಂದುಕೊಟ್ಟೆ. ಮನೆಯಲ್ಲಿದ್ದ ಬಿಸಾಡುವ ಸೆಲ್ಲುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬೆಂಗಳೂರಿಗೆ ಬಂದೆ. ಇನ್ನೂ ಪ್ಯಾಕೆಟ್ ಒಡೆಯದ ಎರಡು ಹೊಸ ಸೆಲ್ಲು ಅದರಲ್ಲಿದ್ದವು ಎಂಬುದು ಆಮೇಲೆ ಗೊತ್ತಾಯಿತು.

ಆ ಆಗಸ್ಟಿನಲ್ಲಿ ಮಳೆ ಹಿಡಿದುಕೊಂಡಿತು. ತಂತಿಯ ಮೇಲೆ ಮರ ಬಿದ್ದು ಮೂರು ದಿನ ಕರೆಂಟಿಲ್ಲ. ಮೂರನೆಯ ರಾತ್ರಿ ಕೊಟ್ಟಿಗೆಯಲ್ಲಿ ದನ ಕೂಗಿತು. ಗಬ್ಬದ ದನ, ದಿನ ತುಂಬಿತ್ತು. ಅಮ್ಮ ಟಾರ್ಚು ಹಿಡಿದು ಹೊರಟಳು. ಅದು ಹೊತ್ತಿತು. ಚೆನ್ನಾಗಿಯೇ ಹೊತ್ತಿತು. ಅಂಗಳದ ನಟ್ಟನಡುವೆ, ಪಾಚಿ ಕಟ್ಟಿದ ಹಾಸುಗಲ್ಲಿನ ಮೇಲೆ ಕಾಲಿಟ್ಟ ಹೊತ್ತಿಗೆ ಫಕ್ಕನೆ ಆರಿಹೋಯಿತು. ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಕತ್ತಲಲ್ಲೇ ತಡವುತ್ತ ಕೊಟ್ಟಿಗೆಗೆ ಹೋಗಿ, ಎಡಗೈಯಲ್ಲೇ ಕರು ಎಳೆದುಕೊಂಡಳಂತೆ. ಮಾರನೆಯ ದಿನ ಫೋನಿನಲ್ಲಿ ಮೊದಲು ಹೇಳಿದ್ದು ಹೆಣ್ಣು ಕರು ಎಂಬ ಸುದ್ದಿ. ಕೈಯ ವಿಷಯ ಪಕ್ಕದ ಮನೆಯವರಿಂದ ತಿಳಿಯಿತು.

ಆ ರಾತ್ರಿ ಅಂಗಳದಲ್ಲಿ ಕೊಳಕುಮಂಡಲ ಮಲಗಿರಲಿಲ್ಲ ಎಂಬುದಕ್ಕೆ ನಾನು ಇಂದಿಗೂ ಯಾರಿಗೆ ಋಣಿಯೋ ತಿಳಿಯದು.

ಯಾಕೆ ಹೀಗಾಯಿತು ಎಂಬುದಕ್ಕೆ ಉತ್ತರ ಕಷ್ಟದ್ದೇನಲ್ಲ. ನಾನು ತಂದದ್ದು ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್ಲು, ಹಳೆಯ ಬಗೆಯದು. ಬಳಸದೆ ಸುಮ್ಮನೆ ಇಟ್ಟರೂ ಅದರ ಶಕ್ತಿ ದಿನದಿನಕ್ಕೆ ಸೋರಿಹೋಗುತ್ತದೆ; ಎರಡು ಮೂರು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ. ಇನ್ನೊಂದು ಗುಣವಿದೆ, ಅದು ಇನ್ನೂ ಮುಖ್ಯ. ಬಿಸಾಡುವ ಸೆಲ್ಲು 1.5 ವೋಲ್ಟಿನಿಂದ ಶುರುವಾಗಿ ಮೆಲ್ಲಮೆಲ್ಲಗೆ ಇಳಿಯುತ್ತದೆ. ಬೆಳಕು ಹಳದಿಗೆ, ಕೆಂಪಿಗೆ ತಿರುಗಿ, ‘ನಾಳೆ ಪೇಟೆಗೆ ಹೋದವರು ಸೆಲ್ಲು ತನ್ನಿ’ ಎಂದು ಹೇಳಿಯೇ ಸಾಯುವುದನ್ನು ಹಳೆಯ ಬಲ್ಬಿನ ಕಾಲದವರೆಲ್ಲ ನೋಡಿದ್ದೇವೆ. ನಿಕ್ಕಲ್ ಸೆಲ್ಲು 1.2 ವೋಲ್ಟಿನ ಆಸುಪಾಸು ಕೊನೆಯವರೆಗೂ ಗಟ್ಟಿಯಾಗಿ ನಿಂತು, ಆಮೇಲೆ ಒಮ್ಮೆಗೇ ಕುಸಿಯುತ್ತದೆ. ಕ್ಯಾಮೆರಾದಲ್ಲಿ, ಮಕ್ಕಳ ಆಟಿಕೆಯಲ್ಲಿ ಇದು ಒಳ್ಳೆಯ ಗುಣ. ಅಂಗಳ ದಾಟುವವಳ ಕೈಯಲ್ಲಿ ಅಲ್ಲ.

ಇತಿಹಾಸ ನೋಡಿದರೆ ಒಂದು ತಮಾಷೆ ಕಾಣುತ್ತದೆ. ಮತ್ತೆ ಮತ್ತೆ ತುಂಬಿಸುವ ಬ್ಯಾಟರಿ ಹೊಸ ಕಾಲದ ವಿವೇಕ, ಬಿಸಾಡುವುದು ಹಳೆಯ ಕಾಲದ ಅಜ್ಞಾನ ಎಂದೇ ನಾನು ತಿಳಿದಿದ್ದೆ. ವಾಸ್ತವ ತಿರುವುಮುರುವು. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಸೀಸದ ರೀಚಾರ್ಜಬಲ್ ಬ್ಯಾಟರಿ ಮಾಡಿದ್ದು 1859ರಲ್ಲಿ. ಜರ್ಮನಿಯ ಕಾರ್ಲ್ ಗಾಸ್ನರ್ ಒಣ ಸೆಲ್ಲಿಗೆ ಪೇಟೆಂಟ್ ಪಡೆದದ್ದು 1886ರಲ್ಲಿ. ಬಿಸಾಡುವುದೇ ಆಮೇಲಿನ ಆವಿಷ್ಕಾರ! ದ್ರವ ಚೆಲ್ಲದ, ಅಡ್ಡ ಮಲಗಿಸಿದರೂ ಕೆಡದ, ಯಾರೂ ನೋಡಿಕೊಳ್ಳದೆ ಮೂಲೆಯಲ್ಲಿ ಬಿದ್ದಿರಬಲ್ಲ ಒಣ ಸೆಲ್ಲು ಬಂದ ಮೇಲೆಯೇ ಕೈ ಟಾರ್ಚು ಹುಟ್ಟಿತು. ಅಮೆರಿಕದಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿದ್ದು 1899ರಲ್ಲಿ. ಆ ಕಾಲದ ಕಂಪನಿ ತನ್ನ ಸರಕಿಗೆ ಎವರ್ ರೆಡಿ ಎಂದು ಹೆಸರಿಟ್ಟಿತು. ನಮ್ಮ ಹಳ್ಳಿ ಅಂಗಡಿಗಳಲ್ಲಿ ಎವರೆಡಿಯಾಗಿ ಉರುಳಿದ ಆ ಹೆಸರಿನ ಅರ್ಥದ ಕಡೆ ನಾನು ಎಂದೂ ಗಮನ ಕೊಟ್ಟಿರಲಿಲ್ಲ. ಸದಾ ಸಿದ್ಧ. ಟಾರ್ಚಿನಿಂದ ನಾವು ಕೇಳುವುದು ಅಷ್ಟನ್ನೇ. ಗೋಡೆ ಗಡಿಯಾರಕ್ಕೆ ದಿನವೂ ಚೂರುಚೂರು ಶಕ್ತಿ ಬೇಕು. ಟಾರ್ಚಿಗೆ ತಿಂಗಳುಗಟ್ಟಲೆ ಏನೂ ಬೇಡ, ಆಮೇಲೊಂದು ಗಳಿಗೆ ಎಲ್ಲವೂ ಬೇಕು. ಅದರ ಕೆಲಸ ಹೊತ್ತುವುದಕ್ಕಿಂತ ಹೆಚ್ಚಾಗಿ ಕಾಯುವುದು. ಕನ್ನಡದಲ್ಲಿ ಎದುರು ನೋಡುವುದಕ್ಕೂ ಕಾಪಾಡುವುದಕ್ಕೂ ಒಂದೇ ಮಾತಿದೆ. ಬಸ್ಸು ಕಾಯುತ್ತೇವೆ, ದನವನ್ನೂ ಕಾಯುತ್ತೇವೆ.

ಹಾಗಾದರೆ ಬಿಸಾಡುವ ಸೆಲ್ಲೇ ಸರಿ ಎಂದು ಬರೆದು ಮುಗಿಸಬಹುದಿತ್ತು. ಲೆಕ್ಕವೂ ಅದರ ಪರವಾಗಿ ಸ್ವಲ್ಪ ವಾಲುತ್ತದೆ. ರೀಚಾರ್ಜಬಲ್ ಸೆಲ್ಲಿನಲ್ಲಿ ನಿಕ್ಕಲ್ ಇದೆ, ಅಪರೂಪದ ಲೋಹಗಳಿವೆ. ಅವುಗಳಿಗಾಗಿ ಎಲ್ಲೋ ಒಂದು ಕಾಡು ಕಡಿದಿರುತ್ತಾರೆ. ಜಗತ್ತಿನಲ್ಲಿ ಇಂದು ಅತಿ ಹೆಚ್ಚು ನಿಕ್ಕಲ್ ತೆಗೆಯುವ ದೇಶ ಇಂಡೋನೇಷ್ಯಾ. ಅದನ್ನು ಹತ್ತಾರು ಸಲ, ಸಾಧ್ಯವಾದರೆ ನೂರಾರು ಸಲ ತುಂಬಿಸಿ ಬಳಸಿದಾಗ ಮಾತ್ರ ಆ ಋಣ ತೀರೀತು. ಅಮ್ಮ ದಿನಕ್ಕೆ ಐದು ನಿಮಿಷ ಟಾರ್ಚು ಉರಿಸುವವಳು. ಅವಳ ಬಳಕೆಯಲ್ಲಿ ವರ್ಷಕ್ಕೆ ನಾಲ್ಕೈದು ಸಲ ತುಂಬಿಸಿದರೆ ಹೆಚ್ಚು. ಋಣ ತೀರುವ ಮೊದಲೇ ಸೆಲ್ಲಿಗೆ ಮುಪ್ಪು ಬರುತ್ತದೆ.

ಆದರೆ ಜಗಲಿಯ ಮೇಲಿನ ಆ ಹನ್ನೊಂದು? ಅವೂ ಸುಳ್ಳಲ್ಲವಲ್ಲ. ಕೆಳಗಿನ ಬಾವಿಯೂ ಸುಳ್ಳಲ್ಲ. ಒಂದು ಮನೆಯ ಹಿತ್ತಿಲಲ್ಲಿ ಇಷ್ಟಾದರೆ ಊರಿನ ಹಿತ್ತಿಲುಗಳಲ್ಲಿ ಎಷ್ಟು? ಬಿಸಾಡುವ ಸೆಲ್ಲಿನ ನಿಶ್ಚಿಂತೆಗೆ ಬೆಲೆ ಕೊಡುವವರು ಇದ್ದೇ ಇರುತ್ತಾರೆ. ಅವರ ಮುಖ ನಮಗೆ ಕಾಣುವುದಿಲ್ಲ ಅಷ್ಟೇ.

ನನ್ನನ್ನು ಬಹಳ ದಿನ ಕಾಡಿದ್ದು ಇದು: ನಾನು ಆ ಕಾಣದ ಮುಖಗಳ ಪರವಾಗಿ ವಾದಿಸಿದ್ದೆ. ವಾದ ತಪ್ಪಿರಲಿಲ್ಲ. ಆದರೆ ಅದಕ್ಕೆ ನಾನು ತೆತ್ತ ಬೆಲೆ ಏನು? ಅಂಗಡಿಯಲ್ಲಿ ಸಾವಿರ ಚಿಲ್ಲರೆ ರೂಪಾಯಿ. ಉಳಿದದ್ದನ್ನು, ಎಂದರೆ ನೆನಪಿಟ್ಟುಕೊಳ್ಳುವುದು, ಕರೆಂಟಿದ್ದಾಗ ಪ್ಲಗ್ಗಿಗೆ ಹಾಕುವುದು, ತೆಗೆಯುವುದು, ಆರಿದರೆ ಬೀಳುವುದು, ಇವೆಲ್ಲವನ್ನೂ ಅಮ್ಮನ ಲೆಕ್ಕಕ್ಕೆ ಬರೆದು ಬಸ್ಸು ಹತ್ತಿದ್ದೆ. ನನ್ನ ಬೆಂಗಳೂರಿನ ಮನೆಯಲ್ಲಿ ಕರೆಂಟು ಹೋದರೆ ಎರಡೇ ನಿಮಿಷಕ್ಕೆ ಜನರೇಟರ್ ಗುಡುಗುತ್ತದೆ. ನನ್ನ ಟಾರ್ಚು ಡ್ರಾಯರಿನಲ್ಲಿ ಆರಾಮಾಗಿ ಸತ್ತಿರುತ್ತದೆ. ಕತ್ತಲೆಯೇ ಇಲ್ಲದವನು ಕತ್ತಲೆಯಲ್ಲಿರುವವಳ ಸೆಲ್ಲು ಆರಿಸಿಕೊಟ್ಟಿದ್ದ. ಸರಿಯಾದ ಕೆಲಸವೊಂದರ ಲಾಭ ದೂರದವರಿಗೆ, ಭಾರ ಹತ್ತಿರದವರಿಗೆ, ಹೆಸರು ನನಗೆ ಎಂದಾದರೆ ಅದನ್ನು ಏನೆಂದು ಕರೆಯಬೇಕು?

ಇದನ್ನು ಗೆಳೆಯನೊಬ್ಬನಿಗೆ ಹೇಳಿದೆ. ಎಂಜಿನಿಯರ್. “ಇದರಲ್ಲಿ ನೀತಿಶಾಸ್ತ್ರ ಏನೂ ಇಲ್ಲ, ನೀನು ತಂದ ಸೆಲ್ಲು ತಪ್ಪು,” ಎಂದು ಕೈ ಒದರಿದ. 2005ರಿಂದಲೇ ಬೇರೆ ಬಗೆಯ ನಿಕ್ಕಲ್ ಸೆಲ್ಲು ಮಾರುಕಟ್ಟೆಯಲ್ಲಿದೆ. ಜಪಾನಿನ ಸ್ಯಾನ್ಯೋ ಮೊದಲು ತಂದ ಎನೆಲೂಪ್ ಅಂಥದ್ದು. ಒಂದು ವರ್ಷ ಇಟ್ಟರೂ ಹೆಚ್ಚಿನ ಪಾಲು ಹಾಗೇ ಉಳಿದಿರುತ್ತದೆ. ಅವನ ಮಾತು ಮುಕ್ಕಾಲು ಪಾಲು ಸರಿ. ಓದಿಕೊಳ್ಳದೆ ಉಪದೇಶಿಸುವುದೂ ಒಂದು ಅನೀತಿಯೇ ಎಂದರೆ ಪೂರ್ತಿ ಸರಿ. ಆದರೂ ಉಳಿದ ಕಾಲು ಪಾಲು ಹಾಗೇ ಇದೆ. ಎಷ್ಟೇ ಒಳ್ಳೆಯ ಸೆಲ್ಲಾದರೂ ಯಾರೋ ಒಬ್ಬರು ನೆನಪಿಟ್ಟು ತುಂಬಿಸಬೇಕು. ನಮ್ಮ ಮನೆಗಳಲ್ಲಿ ಆ ‘ಯಾರೋ ಒಬ್ಬರು’ ಯಾರೆಂದು ಹೇಳಬೇಕಿಲ್ಲ. ಹಾಲಿಗೆ ಹೆಪ್ಪು ಹಾಕುವವರು, ಇಡ್ಲಿಗೆ ನೆನೆಹಾಕುವವರು, ಗ್ಯಾಸಿಗೆ ಬುಕ್ ಮಾಡಲು ಜ್ಞಾಪಿಸುವವರು. ಅವರ ಪಟ್ಟಿಗೆ ಇನ್ನೊಂದು ಸೇರಿಸಿ ನಾವು ಅದನ್ನು ಪರಿಸರ ಕಾಳಜಿ ಎಂದು ಕರೆಯುತ್ತೇವೆ.

ಇಷ್ಟೆಲ್ಲ ಯೋಚಿಸಿ, ಅಮ್ಮನ ಕೈಯ ಪಟ್ಟಿ ಬಿಚ್ಚುವ ಹೊತ್ತಿಗೆ ಊರಿಗೆ ಹೋದವನು ತಪ್ಪೊಪ್ಪಿಗೆಯ ದನಿಯಲ್ಲಿ ಹೇಳಿದೆ: “ಈ ಚಾರ್ಜಿನ ರಗಳೆ ನಿನಗೆ ಬೇಡ ಅಮ್ಮ. ಹಳೆ ಸೆಲ್ಲೇ ತಂದುಕೊಡ್ತೇನೆ. ದಿನಾ ನೆನಪಿಟ್ಟುಕೊಳ್ಳೋದು ಈ ವಯಸ್ಸಿಗೆ ಆಗೋದಲ್ಲ.”

ಅಮ್ಮನಿಗೆ ಸಿಟ್ಟು ಬಂತು. “ಎಂತಕ್ಕೆ ಆಗೋದಿಲ್ಲ? ನಲವತ್ತು ವರ್ಷ ಈ ಮನೆಯ ಲಾಟೀನಿಗೆ ಎಣ್ಣೆ ಹಾಕಿದ್ದು ಯಾರು? ಗಾಜು ಒರೆಸಿದ್ದು, ಬತ್ತಿ ಕತ್ತರಿಸಿದ್ದು? ಒಂದು ದಿನ ಮರೆತಿದ್ದೇನಾ? ಲಾಟೀನಿನ ಎಣ್ಣೆ ಅಲ್ಲಾಡಿಸಿದ್ರೆ ಗೊತ್ತಾಗ್ತದೆ. ಈ ನಿನ್ನ ಸೆಲ್ಲಿನ ಎಣ್ಣೆ ಎಲ್ಲಿ ಕಾಣ್ತದೆ? ಯಾವತ್ತು ಹಾಕಬೇಕು ಅಂತಾದ್ರೂ ಹೇಳಿದ್ದಾ ನೀನು?”

ನಾನು ಹೇಳಿರಲಿಲ್ಲ. ನಿಜಕ್ಕೂ ಹೇಳಿರಲಿಲ್ಲ. ‘ಖಾಲಿಯಾದಾಗ ಹಾಕು’ ಎಂದಿದ್ದೆ.

ಇಲ್ಲಿ ನನ್ನ ಅಷ್ಟೂ ತರ್ಕ ಮಗುಚಿಬಿತ್ತು. ಅವಳ ಭಾರ ಇಳಿಸುತ್ತೇನೆ ಎಂದುಕೊಂಡವನು ಎರಡನೆಯ ಸಲ ಅವಳನ್ನು ಕೇಳದೆಯೇ ತೀರ್ಮಾನಿಸಿದ್ದೆ. ಮೊದಲ ಸಲ ಪಾಪಿ ಮಾಡಿದ್ದೆ, ಈಗ ಕೈಲಾಗದವಳನ್ನಾಗಿ ಮಾಡುತ್ತಿದ್ದೆ. ದೀಪವನ್ನು ದಿನವೂ ಸಾಕಿಕೊಳ್ಳುವುದು ಅವಳಿಗೆ ಹೊಸದಲ್ಲ. ಬಿಸಾಡುವ ಸೆಲ್ಲೇ ಅವಳ ಬದುಕಿನಲ್ಲಿ ನಡುವೆ ಬಂದದ್ದು. ಲಾಟೀನಿಗೊಂದು ಹೊತ್ತಿತ್ತು, ಮುಸ್ಸಂಜೆ. ನಾನು ತಂದ ವಸ್ತುವಿಗೆ ಹೊತ್ತೂ ಇರಲಿಲ್ಲ, ತಿಥಿಯೂ ಇರಲಿಲ್ಲ.

ತಿಥಿಯನ್ನು ಅಮ್ಮನೇ ಗೊತ್ತುಮಾಡಿದಳು. ಏಕಾದಶಿ. ಅಂದು ಒಪ್ಪತ್ತು, ಒಲೆಯ ಕೆಲಸ ಕಡಿಮೆ, ಮರೆಯುವ ಮಾತಿಲ್ಲ. ಹದಿನೈದು ದಿನಕ್ಕೊಮ್ಮೆ ಹೊಸ ಬಗೆಯ ಸೆಲ್ಲಿಗೆ ಅಗತ್ಯವೇ ಇಲ್ಲ ಎಂದು ಎಂಜಿನಿಯರ್ ಗೆಳೆಯ ನಗುತ್ತಾನೆ. ಇರಲಿ. ಈಗ ಎರಡು ಜೊತೆ ಇವೆ. ಒಂದು ಟಾರ್ಚಿನೊಳಗೆ, ಇನ್ನೊಂದು ತುಂಬಿಸಿಕೊಂಡು ದೇವರ ಗೂಡಿನ ಪಕ್ಕದ ಮಾಡದಲ್ಲಿ. ತುಂಬಿದ್ದಕ್ಕೆ ಕೆಂಪು ದಾರ ಸುತ್ತಿರುತ್ತದೆ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಬೆಂಕಿಪೆಟ್ಟಿಗೆ ಹುಡುಕುತ್ತ ಆ ಮಾಡಕ್ಕೆ ಕೈಹಾಕಿದೆ. ದಾರ ಸುತ್ತಿದ ಜೊತೆಯ ಹಿಂದೆ ಕಾಗದದಲ್ಲಿ ಮಡಿಚಿದ ಇನ್ನೊಂದು ಜೊತೆ ಇತ್ತು. ಪ್ಯಾಕೆಟ್ ಒಡೆಯದ ಬಿಸಾಡುವ ಸೆಲ್ಲು, ಪೇಟೆಯ ಅಂಗಡಿಯದು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಅದನ್ನು ಮಡಿಚಿದ್ದಲ್ಲೇ ಇಟ್ಟೆ.

ಸತ್ತ ಸೆಲ್ಲುಗಳ ಜವಾಬ್ದಾರಿ ಮಾತ್ರ ಈಗ ನನ್ನದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅವನ್ನು ಬೇರೆ ಕಸದ ಜೊತೆ ಬೆರೆಸುವಂತಿಲ್ಲ, ತಯಾರಕರು ಹಿಂಪಡೆಯುವ ವ್ಯವಸ್ಥೆ ಮಾಡಬೇಕು. ಅಮ್ಮನ ಹಿತ್ತಿಲಿನ ಹನ್ನೊಂದು, ಪಕ್ಕದ ಮನೆಯವರು ಕೊಟ್ಟ ಎಂಟು, ನನ್ನ ಮನೆಯ ರಿಮೋಟು ಗಡಿಯಾರಗಳ ನಾಲ್ಕು, ಎಲ್ಲವನ್ನೂ ಒಂದು ಹಾರ್ಲಿಕ್ಸ್ ಬಾಟ್ಲಿಯಲ್ಲಿ ತುಂಬಿಕೊಂಡು ಎರಡು ಕಡೆ ಹೋಗಿ ಬಂದೆ. ಒಂದು ಕಡೆ ಮೊಬೈಲು, ಲ್ಯಾಪ್‌ಟಾಪು ಆದರೆ ಕೊಡಿ ಎಂದರು. ಇನ್ನೊಂದು ಕಡೆ ಇಷ್ಟು ಸ್ವಲ್ಪಕ್ಕೆ ರಸೀದಿ ಬರೆಯಲು ಬರುವುದಿಲ್ಲ, ಇನ್ನಷ್ಟು ಕೂಡಿಸಿ ತನ್ನಿ ಎಂದರು. ಬಾಟ್ಲಿ ಅಟ್ಟದ ಮೇಲಿದೆ. 23 ಆಗಿವೆ. ಕೆಳಗಿನ ಫ್ಲ್ಯಾಟಿನವರನ್ನು ನಾಳೆ ಕೇಳಬೇಕು.