ಬಲಾತ್ಕಾರದ ಹಸಿವು ತಪಸ್ಸಾದೀತೇ?

ಉಪವಾಸವೆಂದರೆ ಕೇವಲ ಅನ್ನವನ್ನು ಬಿಡುವುದಲ್ಲವೆಂಬುದು ನಮ್ಮ ಮನೆಗಳಲ್ಲಿ ಬಾಲಕರಿಗೂ ತಿಳಿದ ಮಾತು. ಚತುರ್ವಿಧ ಆಹಾರವನ್ನು ತ್ಯಜಿಸಿ, ಕಷಾಯಗಳನ್ನು ಕುಗ್ಗಿಸಿ, ಆತ್ಮನ ಸಮೀಪದಲ್ಲಿ ನೆಲೆಸುವುದೇ ಉಪವಾಸ. ಆದರೆ ಅಷ್ಟಮಿಯಂದು ನಿರಾಹಾರನಾದ ಶ್ರಾವಕನ ದೇಹವೂ ಸೊರಗುತ್ತದೆ. ಅನ್ನ ದೊರೆಯದ ಸೆರೆಯಾಳಿನ ದೇಹವೂ ಸೊರಗುತ್ತದೆ. ಹೊರಗಣ್ಣಿಗೆ ಎರಡೂ ಒಂದೇ. ಇವುಗಳ ಅಂತರವೆಲ್ಲಿ? ಅನ್ಯರ ಹಸಿವನ್ನು ಕಂಡು ‘ಅದು ಅವರ ಕರ್ಮೋದಯ’ ಎಂದು ಸುಮ್ಮನಾಗುವ ಅಧಿಕಾರ ನಮಗುಂಟೇ? ಇತಿಹಾಸದ ಒಂದು ನೈಜ ಪ್ರಸಂಗವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸೋಣ.

ಎರಡನೆಯ ಮಹಾಯುದ್ಧದಲ್ಲಿ, 1942ರ ಫೆಬ್ರವರಿ 15ರಂದು ಸಿಂಗಾಪುರವು ಜಪಾನೀ ಸೈನ್ಯದ ವಶವಾಯಿತು. ಬರ್ಮಾದಲ್ಲಿದ್ದ ತನ್ನ ಪಡೆಗಳಿಗೆ ಸಮುದ್ರಮಾರ್ಗವಾಗಿ ಸಾಮಗ್ರಿ ಕಳುಹಿಸುವುದು ಅಪಾಯಕರವಾದುದರಿಂದ, ಥಾಯ್ಲೆಂಡಿನ ಬಾನ್ ಪೋಂಗ್‌ನಿಂದ ಬರ್ಮಾದ ಥಾನ್‌ಬ್ಯೂಜಾಯತ್‌ವರೆಗೆ ಸುಮಾರು 415 ಕಿಲೋಮೀಟರು ರೈಲುಮಾರ್ಗವನ್ನು ಹಾಸಲು ಆ ಸೈನ್ಯವು ನಿಶ್ಚಯಿಸಿತು. ಬ್ರಿಟಿಷ್, ಆಸ್ಟ್ರೇಲಿಯನ್, ಡಚ್ ಮತ್ತು ಕೆಲವು ಅಮೆರಿಕನ್ ಯುದ್ಧಕೈದಿಗಳು, ಒಟ್ಟು 60,000ಕ್ಕೂ ಹೆಚ್ಚು ಮಂದಿ, ಈ ಕೆಲಸಕ್ಕೆ ದೂಡಲ್ಪಟ್ಟರು. 1943ರ ಅಕ್ಟೋಬರಿನಲ್ಲಿ ಹಳಿಗಳು ಒಂದುಗೂಡುವ ವೇಳೆಗೆ ಮತ್ತು ಅದರ ನಂತರ ಅವರಲ್ಲಿ 12,000ಕ್ಕೂ ಹೆಚ್ಚು ಜನರು ಅಸುನೀಗಿದರು.

ಅವರ ಆಹಾರ ಬಹುಮಟ್ಟಿಗೆ ಕೀಳುದರ್ಜೆಯ ಅಕ್ಕಿಯ ಅನ್ನ, ಅದರೊಡನೆ ತೆಳುವಾದ ತರಕಾರಿಯ ಸಾರು. ಪೋಷಣೆಯಿಲ್ಲದ ಶರೀರಗಳನ್ನು ಬೆರಿಬೆರಿ, ಆಮಶಂಕೆ, ಮಲೇರಿಯಾಗಳು ಮುತ್ತಿದವು. ಬಿದಿರಿನ ಗೀರುಗಾಯಗಳು ಮೂಳೆ ಕಾಣುವಷ್ಟು ಆಳದ ಹುಣ್ಣುಗಳಾದವು. 1943ರಲ್ಲಿ ಕೆಲಸವನ್ನು ತೀವ್ರಗೊಳಿಸಿದಾಗ, ಸುರಿಯುವ ಮಳೆಯಲ್ಲಿ ರಾತ್ರಿಯವರೆಗೂ ಬಂಡೆ ಒಡೆಯಬೇಕಾಯಿತು. ಕೋನ್ಯೂ ಬಳಿ ಬೆಟ್ಟವನ್ನು ಸೀಳಿದ ಸ್ಥಳವು, ಬೆಂಕಿಯ ಬೆಳಕಿನಲ್ಲಿ ದುಡಿಯುತ್ತಿದ್ದ ಅಸ್ಥಿಪಂಜರಗಳಂತಹ ಮನುಷ್ಯರ ದೃಶ್ಯದಿಂದ, ‘ಹೆಲ್‌ಫೈರ್ ಪಾಸ್’ ಅಂದರೆ ನರಕಾಗ್ನಿಯ ಕಣಿವೆ ಎಂಬ ಹೆಸರನ್ನು ಪಡೆಯಿತು. ದುಡಿಯಲಾರದ ರೋಗಿಗೆ ಆಹಾರದ ಪಾಲು ಕಡಿಮೆ. ಪ್ರತಿ ಮುಂಜಾನೆ ಇಷ್ಟು ಆಳು ಬೇಕೆಂದು ಲೆಕ್ಕ ನಿಗದಿಯಾಗುತ್ತಿತ್ತು. ಲೆಕ್ಕ ತುಂಬದಿದ್ದರೆ ರೋಗಿಗಳನ್ನೂ ಎಬ್ಬಿಸಿ ಕರೆದೊಯ್ಯುತ್ತಿದ್ದರು.

ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಇಲ್ಲಿ ಸ್ಮರಿಸಬೇಕು: ಬಂಧಿಸುವುದು, ಹೊಡೆಯುವುದು, ಅಂಗಛೇದ, ಶಕ್ತಿಮೀರಿ ಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಎತ್ತಿನ ವಿಷಯದಲ್ಲಿಯೂ ಯಾವುದನ್ನು ಮಾಡಬಾರದೆಂದು ಶ್ರಾವಕನಿಗೆ ವಿಧಿಸಿದೆಯೋ ಅದು ಆ ಕಾಡಿನಲ್ಲಿ ಮನುಷ್ಯರ ಮೇಲೆ ನಿತ್ಯಕ್ರಮವಾಗಿ ನಡೆಯಿತು. 1929ರ ಜಿನೀವಾ ಒಪ್ಪಂದವು ಕೈದಿಗಳಿಗೆ ತಕ್ಕ ಆಹಾರ ಕೊಡಬೇಕೆಂದೂ ಅನಾರೋಗ್ಯಕರ ಕೆಲಸ ಮಾಡಿಸಬಾರದೆಂದೂ ವಿಧಿಸಿತ್ತು. ಜಪಾನು ಅದಕ್ಕೆ ಸಹಿ ಹಾಕಿದ್ದರೂ ಅದನ್ನು ಅನುಮೋದಿಸಿರಲಿಲ್ಲ.

ಈಗ ಮೊದಲ ಪ್ರಶ್ನೆಗೆ ಬರೋಣ. ತತ್ತ್ವಾರ್ಥಸೂತ್ರವು ದೇವಾಯುವಿನ ಆಸ್ರವಕಾರಣಗಳಲ್ಲಿ ಅಕಾಮನಿರ್ಜರೆಯನ್ನು ಹೇಳುತ್ತದೆ. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದಾಚಾರ್ಯರು ಅದಕ್ಕೆ ಕೊಡುವ ಉದಾಹರಣೆ ಸೆರೆಮನೆಯಲ್ಲಿ ಬಂಧಿತನಾದವನದೇ: ಹಸಿವು ನೀರಡಿಕೆಗಳ ನಿರೋಧ, ನೆಲದ ಮೇಲಿನ ಶಯನ, ಮೈಯ ಕೊಳೆಯನ್ನು ಸಹಿಸುವುದು ಮೊದಲಾದವು. ಅಂದರೆ ಸೆರೆಯಾಳಿನ ಸಹನೆಯನ್ನು ಆಚಾರ್ಯರು ನಿಷ್ಫಲವೆಂದು ತಳ್ಳಿಹಾಕಲಿಲ್ಲ. ಆದರೂ ಅದನ್ನು ಸಂವರಪೂರ್ವಕವಾದ ತಪಸ್ಸಿನ ಸಾಲಿನಲ್ಲಿ ಇರಿಸಲೂ ಇಲ್ಲ. ಏಕೆ? ಅಲ್ಲಿ ಸಂಕಲ್ಪವಿಲ್ಲ. ತಟ್ಟೆ ಮುಂದಿದ್ದೂ ಕೈ ಹಿಂದೆಗೆಯುವುದು ತ್ಯಾಗ. ತಟ್ಟೆಯೇ ಇಲ್ಲದಿರುವುದು ಅಭಾವ.

ಆದರೆ ಆ ಶಿಬಿರಗಳಲ್ಲಿ ಸಂಕಲ್ಪವು ಸಂಪೂರ್ಣ ಸತ್ತಿತ್ತೆಂದು ತಿಳಿಯಬಾರದು. ಆಸ್ಟ್ರೇಲಿಯದ ಶಸ್ತ್ರವೈದ್ಯ ಎಡ್ವರ್ಡ್ ಡನ್‌ಲಪ್ ಅವರ ಶಿಬಿರದಲ್ಲಿ ಅಧಿಕಾರಿಗಳ ಅಲ್ಪ ವೇತನದ ಒಂದು ಭಾಗವನ್ನು ಒಟ್ಟುಗೂಡಿಸಿ ರೋಗಿಗಳಿಗೆ ಆಹಾರವನ್ನೂ ಔಷಧವನ್ನೂ ಕೊಳ್ಳುತ್ತಿದ್ದರು. ಕಾಂಚನಬುರಿಯ ವರ್ತಕ ಬೂನ್‌ಪೋಂಗ್ ಎಂಬುವರು ಪ್ರಾಣಾಪಾಯವನ್ನು ಲೆಕ್ಕಿಸದೆ ಗುಟ್ಟಾಗಿ ಔಷಧಗಳನ್ನು ಒಳಗೆ ಸಾಗಿಸಿದರು. ತಾನೇ ಹಸಿದವನು ತನ್ನ ಪಾಲಿನಿಂದ ಇನ್ನೊಬ್ಬನಿಗೆ ಕೊಟ್ಟಾಗ, ಆ ತುತ್ತಿನ ಮಟ್ಟಿಗೆ ಅವನ ಹಸಿವು ಸ್ವಾಧೀನದ್ದಾಗುತ್ತದೆ. ಬಲಾತ್ಕಾರದ ಹಸಿವಿನೊಳಗೂ ಸ್ವೇಚ್ಛೆಯ ತ್ಯಾಗಕ್ಕೆ ಎಡೆಯುಂಟೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಇನ್ನು ಎರಡನೆಯ ಪ್ರಶ್ನೆ. ಇದೇ ಹೆಚ್ಚು ತೊಡಕಿನದು. ಅದೇ ಮಾರ್ಗದಲ್ಲಿ ಏಷ್ಯದ ಕೂಲಿಕಾರರೂ ಲಕ್ಷಗಟ್ಟಲೆ ದುಡಿದರು: ಬರ್ಮೀಯರು, ಮಲಯರು, ಜಾವಾದವರು, ಮಲಯದ ರಬ್ಬರು ತೋಟಗಳಿಂದ ಹಿಡಿದೊಯ್ದ ತಮಿಳರು. ಅವರಲ್ಲಿ ಸತ್ತವರು ಸೈನಿಕರಿಗಿಂತ ಹಲವು ಪಟ್ಟು ಹೆಚ್ಚು. ಸೈನಿಕರಿಗೆ ತಮ್ಮವರೇ ಆದ ವೈದ್ಯರಿದ್ದರು, ಶಿಸ್ತಿತ್ತು, ಕಾಲರಾ ಬಂದಾಗ ನೀರನ್ನು ಕುದಿಸಿಯೇ ಕುಡಿಯಬೇಕೆಂಬ ಕಟ್ಟುಪಾಡಿತ್ತು. ಕೂಲಿಕಾರರಿಗೆ ಇದಾವುದೂ ಇರಲಿಲ್ಲ. ಕಾಂಚನಬುರಿಯ ಸ್ಮಶಾನದಲ್ಲಿ ಸುಮಾರು 7,000 ಸೈನಿಕರ ಸಮಾಧಿಗಳು ಸಾಲಾಗಿವೆ. ಕೂಲಿಕಾರರಲ್ಲಿ ಬಹುಪಾಲು ಜನರಿಗೆ ಹೆಸರಿನ ಕಲ್ಲೂ ಇಲ್ಲ.

ಇದೆಲ್ಲ ಅವರ ಅಸಾತಾವೇದನೀಯದ ಉದಯವೆಂದರೆ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದು. ಕರ್ಮಸಿದ್ಧಾಂತವು ತನ್ನ ದುಃಖವನ್ನು ದ್ವೇಷವಿಲ್ಲದೆ ಸಹಿಸಲು ಜೀವನಿಗೆ ಕೊಟ್ಟ ಕನ್ನಡಿ. ಪರರ ದುಃಖವನ್ನು ಅಳೆಯುವ ತಕ್ಕಡಿಯಲ್ಲ. ಪರರ ಕರ್ಮದ ಲೆಕ್ಕ ನಮಗೆ ಕಾಣದು. ಅನ್ನವನ್ನು ತಡೆದ ಕೈಯಾದರೋ ಕಣ್ಣಿಗೆ ಕಾಣುತ್ತದೆ. ಹಸಿದವನ ಪೂರ್ವಕರ್ಮವು ತಡೆದವನ ಹೊಸ ಆಸ್ರವವನ್ನು ನಿಲ್ಲಿಸಲಾರದು. ನೋಡಿ ಸುಮ್ಮನಿದ್ದವನ ಪ್ರಮಾದವನ್ನೂ ಅದು ತೊಳೆಯಲಾರದು.

ಆದುದರಿಂದ ಉಪವಾಸ ಮಾಡುವವರು ಒಂದು ಮಾತನ್ನು ನೆನೆಯಬೇಕು. ನಮಗೆ ನಾಳೆ ಪಾರಣೆಯುಂಟೆಂಬ ಭರವಸೆಯಿದೆ. ಆ ಭರವಸೆಯಿಲ್ಲದೆ ಹಸಿದವರು ಲೋಕದಲ್ಲಿದ್ದಾರೆ. ನಮ್ಮ ವ್ರತದ ದಿನವೂ ಮನೆಯ ಆಳಿಗೆ, ಹೊಲದ ಕೂಲಿಯವನಿಗೆ, ಕೊಟ್ಟಿಗೆಯ ಎತ್ತಿಗೆ ಹೊತ್ತಿಗೆ ಸರಿಯಾಗಿ ಆಹಾರ ಸಿಕ್ಕಿತೇ, ಅವರ ಹೆಗಲ ಭಾರ ಮಿತಿಯಲ್ಲಿದೆಯೇ ಎಂದು ವಿಚಾರಿಸುವುದು ವ್ರತದ ಅಂಗವೇ ಸರಿ. ತನ್ನ ಅನ್ನವನ್ನು ತಾನು ಬಿಡುವುದು ತಪ. ಪರರ ಅನ್ನವನ್ನು ತಡೆಯದಿರುವುದು ಅದಕ್ಕಿಂತ ಮೊದಲ ಮೆಟ್ಟಿಲು. ಕೆಳಗಿನ ಮೆಟ್ಟಿಲನ್ನು ಬಿಟ್ಟು ಮೇಲಿನದನ್ನು ಏರಿದವರಿಲ್ಲ.