ಬಿರುಕು ಮುಚ್ಚುವುದು ಸುಳ್ಳೇ?

ಬೇಕಲೈಟನ್ನು ಮತ್ತೆ ಕರಗಿಸಲಾಗದು. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಫೀನಾಲ್, ಫಾರ್ಮಾಲ್ಡಿಹೈಡ್‌ಗಳಿಂದ ರೂಪಿಸಿದ ಈ ವಸ್ತು ಒಮ್ಮೆ ಗಟ್ಟಿಯಾಯಿತೆಂದರೆ ಮುಗಿಯಿತು. ಆಮೇಲೆ ಎಷ್ಟು ಕಾಯಿಸಿದರೂ ಸುಟ್ಟು ಕರಕಲಾದೀತೇ ಹೊರತು ಮೆತ್ತಗಾಗದು. ಒಡೆದ ಬಂಗಾರದ ಬಳೆಯನ್ನು ಅಕ್ಕಸಾಲಿಗ ಕರಗಿಸಿ ಮತ್ತೆ ಬಳೆ ಮಾಡಬಲ್ಲ. ಬೇಕಲೈಟಿಗೆ ಆ ಭಾಗ್ಯವಿಲ್ಲ. ಅದರ ಬಿರುಕನ್ನು ತುಂಬುವುದು ಯಾವತ್ತೂ ಬೇರೆಯದೇ ವಸ್ತು. ಹಾಗಾಗಿ ಇಲ್ಲಿ ರಿಪೇರಿ ಎಂದರೆ ಸ್ವಲ್ಪ ನಟನೆಯೂ ಹೌದು.

ಕಾರವಾರ, ಅಂಕೋಲಾ ಕಡೆಯ ಹಳೆ ಮನೆಗಳಲ್ಲಿ ಕಪ್ಪು ಸ್ವಿಚ್ಚು, ಬಲ್ಬ್ ಹೋಲ್ಡರ್, ಅಟ್ಟ ಸೇರಿದ ವಾಲ್ವ್ ರೇಡಿಯೋ ಇನ್ನೂ ಕಾಣಸಿಗುತ್ತವೆ. ಉಪ್ಪುಗಾಳಿ ಮೊದಲು ಹಿಡಿಯುವುದು ಬೇಕಲೈಟನ್ನಲ್ಲ, ಅದರೊಳಗಿನ ಕಬ್ಬಿಣದ ಸ್ಕ್ರೂಗಳನ್ನು. ತುಕ್ಕು ಉಬ್ಬಿ ಸುತ್ತಲಿನ ತೂತನ್ನು ಸೀಳುತ್ತದೆ.

ಮಾಡುವ ಕೆಲಸ ಸರಳ. ಬಿರುಕಿನ ಧೂಳು, ಜಿಡ್ಡು ತೆಗೆದು, ಎರಡು ಟ್ಯೂಬಿನ ಅರಾಲ್ಡೈಟಿಗೆ ಕಪ್ಪು ಪುಡಿ ಬೆರೆಸಿ, ತುಸು ಉಬ್ಬುವಂತೆ ತುಂಬಿ, ಒಂದು ದಿನ ಬಿಡಬೇಕು. ನಂತರ ನೀರು ಹಾಕುತ್ತ ನಯವಾದ ಉಪ್ಪುಕಾಗದದಿಂದ ಉಜ್ಜಬೇಕು. ಒಣಗಿದ್ದನ್ನು ಉಜ್ಜಬಾರದು, ಹಳೆಯ ಕೆಲವು ಬೇಕಲೈಟಿನಲ್ಲಿ ಕಲ್ನಾರು ಇರುತ್ತದೆ.

ಸ್ವಿಚ್ಚಿನ ವಿಷಯದಲ್ಲಿ ನನಗೆ ಗೊಂದಲವಿಲ್ಲ. ಸೀಳಿದ್ದಕ್ಕೆ ಅಂಟು ಬಳಿದು ಮತ್ತೆ ಗೋಡೆಗೆ ಕೂರಿಸಿದರೆ, ಆ ಸುಳ್ಳಿನ ಶಿಕ್ಷೆ ಸ್ವಿಚ್ಚು ಮುಟ್ಟಿದವರಿಗೆ. ರೇಡಿಯೋ ಪೆಟ್ಟಿಗೆಯದು ಬೇರೆ ಕತೆ.

ಸೀಬರ್ಡ್ ನೌಕಾನೆಲೆಗಾಗಿ ಈ ಕರಾವಳಿಯ ಊರುಗಳು ತೆರವಾದಾಗ ಒಂದು ಮನೆಯವರ ರೇಡಿಯೋ ಲಾರಿಯಲ್ಲಿ ಬಿದ್ದು ಮೂಲೆಯ ಚಕ್ಕೆ ಹಾರಿತ್ತು. ಮೊಮ್ಮಗ ಅದನ್ನು ಮಾರಬೇಕೆಂದಿದ್ದ. "ಗೊತ್ತೇ ಆಗದ ಹಾಗೆ ಮಾಡಿಕೊಡು" ಎಂದ. ಗಾಯವನ್ನು ಬಂಗಾರದಲ್ಲಿ ಎತ್ತಿ ತೋರಿಸುವ ಜಪಾನಿನ ಕಿಂತ್ಸುಗಿಯ ಬಗ್ಗೆ ಓದಿಕೊಂಡ ನಾನು, ಚಕ್ಕೆಯೇ ಇದರ ಚರಿತ್ರೆ, ಹಾಗೇ ಇರಲಿ ಎಂದೆ. ಒಳಗಿನಿಂದ ಅಜ್ಜಿ ಹೇಳಿದರು: "ಮುಚ್ಚು ತಮ್ಮಾ. ಊರು ಬಿಟ್ಟದ್ದನ್ನು ದಿನಾ ನೋಡಬೇಕೇನು?"

ಕೆಲಸ ಒಂದೇ, ಮುಚ್ಚುವ ಕಾರಣ ಎರಡು. ಅಜ್ಜಿ ಯಾರನ್ನೂ ವಂಚಿಸುತ್ತಿರಲಿಲ್ಲ. ತನ್ನ ಕಣ್ಣಿಗಷ್ಟೇ ಬಿಡುವು ಕೇಳುತ್ತಿದ್ದರು. ಊರು ಕಳೆದುಕೊಳ್ಳದವನಿಗೆ ಬೇರೆಯವರ ಗಾಯ ಸುಂದರವಾಗಿ ಕಾಣುವುದು ಸುಲಭ. ಆದರೆ ಕೊಳ್ಳುವವನಿಗೆ ಅಜ್ಜಿಯ ದುಃಖದ ಹೆಸರಿನಲ್ಲಿ ಸುಳ್ಳು ಹೇಳಲಾಗದು. ಹೊರಮೈಯನ್ನು ಗುರುತು ಸಿಗದಷ್ಟು ನುಣುಪು ಮಾಡಿದೆ. ಒಳಮೈಯಲ್ಲಿ ಅಂಟನ್ನು ಉಜ್ಜದೆ ಒರಟಾಗಿಯೇ ಬಿಟ್ಟೆ. ಹಿಂದಿನ ಹಲಗೆ ತೆಗೆದರೆ ಯಾರಿಗೂ ಕಂಡೀತು.

"ಇದನ್ನು ಹೇಳಿಯೇ ಮಾರಬೇಕು" ಎಂದೆ. ಹೇಳಿದರೆ ಬೆಲೆ ಇಳಿಯುತ್ತದೆಂದು ಮೊಮ್ಮಗ ಗೊಣಗಿದ. ಇಳಿಯುತ್ತದೆ, ನಿಜ.