ಒತ್ತಾಯವಿಲ್ಲದ ಒಲವು



ಅಂಕೋಲೆಯಿಂದ ಹುಬ್ಬಳ್ಳಿಗೆ ಸಾಗುವ ಹೆದ್ದಾರಿಯಲ್ಲಿ, ಗಂಗಾವಳಿಯ ಕಣಿವೆಯೊಳಗೆ, ಅಗಸೂರೆಂಬ ಗ್ರಾಮವಿದೆ. ಧಾರವಾಡದ ಕಡೆಯಲ್ಲಿ ಹುಟ್ಟಿದ ಬೇಡ್ತಿ-ಶಾಲ್ಮಲೆಗಳು ಕೂಡಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರು ತಳೆದು ಕಡಲನ್ನು ಸೇರುವುದು ಈ ಸೀಮೆಯಲ್ಲಿಯೇ. ಅಲ್ಲಿ ಒಂದು ಸಂಜೆ ವಚನಚಿಂತನೆ ಮುಗಿದ ಮೇಲೆ ವೃದ್ಧೆಯೊಬ್ಬರು ಎದ್ದು ನಿಂತು ಕೇಳಿದರು: "ಅಯ್ಯಾ, ಶಿರೂರಿನ ಗುಡ್ಡವನ್ನು ಕೆಡವಿದವನು ಶಿವನೇ?"

2024ರ ಜುಲೈ 16ರ ಬೆಳಿಗ್ಗೆ ನಡೆದುದನ್ನು ಆ ಸೀಮೆಯವರು ಮರೆತಿಲ್ಲ. ಭಾರೀ ಮಳೆಯಲ್ಲಿ, ಅಂಕೋಲಾ ತಾಲೂಕಿನ ಶಿರೂರಿನ ಬಳಿ, ಹೆದ್ದಾರಿಗಾಗಿ ಕಡಿದಿದ್ದ ಗುಡ್ಡವು ಕುಸಿಯಿತು. ಚಹದಂಗಡಿ ನಡೆಸಿ ಬದುಕುತ್ತಿದ್ದ ಸಂಸಾರವೊಂದು ಮಣ್ಣುಪಾಲಾಯಿತು. ಮಣ್ಣು ನದಿಗೆ ಬಿದ್ದಾಗ ಎದ್ದ ನೀರು ಆಚೆಯ ದಡದ ಉಳುವರೆಯ ಮನೆಗಳನ್ನೂ ಬಡಿಯಿತು. ಕೇರಳದ ಚಾಲಕನೊಬ್ಬನ ಲಾರಿಯನ್ನು ನದಿಯಿಂದ ಮೇಲೆತ್ತುವಾಗ ಸೆಪ್ಟೆಂಬರ್ 25 ಆಗಿತ್ತು.

ಆ ತಾಯಿಗೆ ಹೇಳಬಹುದಾದ ಸುಲಭದ ಉತ್ತರಗಳು ಎರಡು. ಎಲ್ಲವೂ ಶಿವನ ಇಚ್ಛೆ ಎಂಬುದು ಒಂದು. ಸತ್ತವರ ಕರ್ಮಫಲ ಎಂಬುದು ಇನ್ನೊಂದು. ಮೊದಲನೆಯದು ಶಿವನನ್ನು ಕ್ರೂರಿಯನ್ನಾಗಿಸುತ್ತದೆ. ಎರಡನೆಯದು ನಮ್ಮನ್ನೇ ಕ್ರೂರಿಗಳನ್ನಾಗಿಸುತ್ತದೆ. ಎರಡನ್ನೂ ಹೇಳಲಾರದೆ ಅಂದು ನಾನು ಮೌನವಾದೆ. ಆ ಮೌನವೇ ನನ್ನನ್ನು ಪಾಶ್ಚಾತ್ಯರ ಒಂದು ವಿಚಾರಸರಣಿಯೆಡೆಗೆ ಕರೆದೊಯ್ದಿತು. ಅದಕ್ಕೆ ಪ್ರಕ್ರಿಯಾ ದೇವಶಾಸ್ತ್ರವೆಂದು ಹೆಸರಿಡಬಹುದು. ಅದರಲ್ಲಿ ನಾನಿನ್ನೂ ಓನಾಮ ಕಲಿಯುತ್ತಿರುವವನು. ತಿಳಿದಷ್ಟನ್ನು ಮಾತ್ರ ನಿವೇದಿಸುತ್ತೇನೆ.

ಇದರ ಮೂಲಪುರುಷ ಆಲ್‌ಫ್ರೆಡ್ ನಾರ್ತ್ ವೈಟ್‌ಹೆಡ್ (1861–1947), ಇಂಗ್ಲೆಂಡಿನ ಗಣಿತಜ್ಞ. 1918ರಲ್ಲಿ ಮೊದಲನೆಯ ಮಹಾಯುದ್ಧವು ವಿಮಾನದಳದಲ್ಲಿದ್ದ ಅವನ ಕಿರಿಯ ಮಗನನ್ನು ನುಂಗಿತು. ಮುಂದೆ ತತ್ತ್ವಶಾಸ್ತ್ರದೆಡೆಗೆ ಹೊರಳಿದ ಆತ ಎಡಿನ್‌ಬರೋದಲ್ಲಿ ನೀಡಿದ ಉಪನ್ಯಾಸಗಳು 1929ರಲ್ಲಿ 'ಪ್ರಾಸೆಸ್ ಅಂಡ್ ರಿಯಾಲಿಟಿ' ಎಂಬ ಗ್ರಂಥವಾದವು. ಚಾರ್ಲ್ಸ್ ಹಾರ್ಟ್‌ಶೋರ್ನ್, ಜಾನ್ ಕಾಬ್ ಮೊದಲಾದವರು ಆ ವಿಚಾರವನ್ನು ಬೆಳೆಸಿದರು.

ಅವರ ಮತದ ಸಾರವಿಷ್ಟು. ಜಗತ್ತು ಜಡವಸ್ತುಗಳ ರಾಶಿಯಲ್ಲ, ಘಟನೆಗಳ ಪ್ರವಾಹ. ಪ್ರತಿಯೊಂದು ಕ್ಷಣವೂ ಹಿಂದಿನದನ್ನೆಲ್ಲ ಒಳಗೊಂಡು, ತನ್ನ ಅಳವಿನಷ್ಟು ತಾನೇ ನಿರ್ಧರಿಸಿ ಹೊಸದಾಗುತ್ತದೆ. ದೇವರು ಆ ಕ್ಷಣದ ಮುಂದೆ ಶ್ರೇಷ್ಠವಾದ ಸಾಧ್ಯತೆಯನ್ನಿರಿಸಿ ಕರೆಯುತ್ತಾನೆ. ಕೊರಳು ಹಿಡಿದು ನೂಕುವುದಿಲ್ಲ. ಆದುದೆಲ್ಲವನ್ನೂ ಅವನು ತನ್ನೊಳಗೆ ಸ್ವೀಕರಿಸುತ್ತಾನೆ. ಜೀವಿಯ ನೋವು ಅವನಿಗೂ ನಾಟುತ್ತದೆ. ಅವನ ಬಲವು ಒಲಿಸಿಕೊಳ್ಳುವ ಬಲವೇ ಹೊರತು ಒತ್ತಾಯದ ಬಲವಲ್ಲ.

ಶಿವನ ಆಜ್ಞೆಯಿಲ್ಲದೆ ಹುಲ್ಲುಕಡ್ಡಿಯೂ ಅಲುಗದೆಂದು ನಮ್ಮ ಹಿರಿಯರು ಹೇಳುವುದಿಲ್ಲವೇ ಎಂದು ನೀವು ಕೇಳಬಹುದು. ದಿಟ, ಶಿವಶಕ್ತಿಯ ಹೊರಗೆ ಯಾವುದೂ ಇಲ್ಲ. ಆದರೆ ಶಕ್ತಿಯಲ್ಲಿ ಎಲ್ಲವೂ ನೆಲೆಸಿದೆ ಎನ್ನುವುದು ಬೇರೆ. ಒಂದೊಂದು ಕೇಡನ್ನೂ ಶಿವನು ಬೇಕೆಂದೇ ಆರಿಸಿದನು ಎನ್ನುವುದು ಬೇರೆ. ನಮ್ಮ ಶಕ್ತಿವಿಶಿಷ್ಟಾದ್ವೈತದಲ್ಲಿ ಒಂದೇ ಶಕ್ತಿಯು ಲಿಂಗದಲ್ಲಿ ಕಲೆಯೆಂದೂ ಅಂಗದಲ್ಲಿ ಭಕ್ತಿಯೆಂದೂ ಕರೆಯಿಸಿಕೊಳ್ಳುತ್ತದೆ. ಭಕ್ತಿಯನ್ನು ಬಲಾತ್ಕಾರದಿಂದ ಪಡೆಯಲಾದೀತೇ? ವಿಶ್ವವ್ಯಾಪಿಯು ಇಷ್ಟಲಿಂಗವಾಗಿ ಭಕ್ತನ ಅಂಗೈಯ ಮೇಲೆ ಕುಳಿತುಕೊಳ್ಳಲು ಒಪ್ಪಿದನಲ್ಲವೇ? ಭಕ್ತಸ್ಥಲದಿಂದ ಐಕ್ಯಸ್ಥಲದವರೆಗಿನ ಷಟ್‌ಸ್ಥಲವೂ ಒಂದು ನಡೆಯೇ. ಆ ಮೆಟ್ಟಿಲುಗಳನ್ನು ಸಾಧಕನೇ ಏರಬೇಕು.

ಕಲ್ಯಾಣವನ್ನು ನೆನೆಯಿರಿ. ಹನ್ನೆರಡನೆಯ ಶತಮಾನದಲ್ಲಿ ಹರಳಯ್ಯ-ಮಧುವರಸರು ಘೋರ ಶಿಕ್ಷೆಗೆ ಗುರಿಯಾದಾಗ ಅದನ್ನು ತಡೆಯಲು ಆಕಾಶದಿಂದ ಕೈಯೊಂದು ಇಳಿಯಲಿಲ್ಲ. ಆದರೂ ಲಿಂಗವು ತಮ್ಮನ್ನು ತೊರೆಯಿತೆಂದು ಶರಣರು ಬಗೆಯಲಿಲ್ಲ. ಚೆನ್ನಬಸವಣ್ಣನವರು ಶರಣರೊಡನೆ ಕಾಡು ಕಣಿವೆಗಳನ್ನು ದಾಟಿ ಉಳವಿಗೆ ಬಂದರೆಂದು ಪರಂಪರೆ ಹೇಳುತ್ತದೆ. ಆ ಉಳವಿ ಈ ಉತ್ತರ ಕನ್ನಡ ಜಿಲ್ಲೆಯಲ್ಲಿಯೇ ಇದೆ. ಹೊರಗಿನ ರಕ್ಷಣೆ ಸಿಗದಿದ್ದಾಗಲೂ ಒಳಗಿನ ಕರೆಗೆ ಓಗೊಡುವುದನ್ನು ಅವರು ಬಿಡಲಿಲ್ಲ.

ಆದರೂ ಎರಡು ದರ್ಶನಗಳನ್ನು ಒಂದೇ ಎಂದು ಬೆರೆಸುವುದು ಸಲ್ಲದು. ವೈಟ್‌ಹೆಡ್ಡನಲ್ಲಿ ದೇವರೂ ಜಗತ್ತೂ ಎಂದೆಂದಿಗೂ ಪರಸ್ಪರರನ್ನು ಬೆಳೆಸುತ್ತಲೇ ಇರುವ ಇಬ್ಬರು. ಆ ಪ್ರವಾಹಕ್ಕೆ ಕೊನೆಯಿಲ್ಲ. ನಮ್ಮಲ್ಲಿ ನಡೆಗೊಂದು ನೆಲೆಯಿದೆ. ಲಿಂಗಾಂಗಸಾಮರಸ್ಯದಲ್ಲಿ ಎರಡೆಂಬುದು ಅಳಿಯುತ್ತದೆ. ಅವನ ದೀಪವನ್ನು ಎರವಲು ತಂದು ನಮ್ಮ ಮನೆಯ ಮೂಲೆಯೊಂದನ್ನು ನೋಡಿಕೊಂಡೆವು; ಮನೆಯನ್ನು ಬದಲಿಸಬೇಕಾದುದಿಲ್ಲ.

ಇನ್ನು ಆ ತಾಯಿಗೆ ನನ್ನ ಉತ್ತರ. ಅಮ್ಮಾ, ಗುಡ್ಡ ಕೆಡವಿದವನು ಶಿವನಲ್ಲ. ಮಳೆ ತನ್ನ ಧರ್ಮದಂತೆ ಸುರಿಯಿತು, ಮಣ್ಣು ತನ್ನ ಧರ್ಮದಂತೆ ಜಾರಿತು. ಗುಡ್ಡವನ್ನು ಕಡಿದದ್ದು ಮನುಷ್ಯರ ಕೈ. ಶಿವನೆಲ್ಲಿದ್ದನೆಂದು ಕೇಳುವಿರಾ? ಮಣ್ಣಿನಡಿಯಲ್ಲಿ ನೊಂದವರೊಡನೆ ಇದ್ದ. ಹರಿಯುವ ನೀರಿಗಿಳಿದು ದಿನಗಟ್ಟಲೆ ಹುಡುಕಿದವರ ಎದೆಯಲ್ಲಿ ಕರೆಯಾಗಿ ಇದ್ದ. ಮುಂದಿನ ಗುಡ್ಡವನ್ನು ಕಡಿಯುವ ಮೊದಲು ಯೋಚಿಸಿರೆಂದು ಈಗಲೂ ಕರೆಯುತ್ತಿದ್ದಾನೆ. ಆ ಕರೆಗೆ ಮಾಡುವ ಕೆಲಸವೇ ಕಾಯಕ. ನೊಂದವರ ಮನೆಗೆ ಕೊಂಡೊಯ್ಯುವ ತುತ್ತೇ ದಾಸೋಹ. ಕರೆಯುವವನು ಒತ್ತಾಯಿಸನು; ಆದಕಾರಣ ಓಗೊಡುವ ಭಾರ ನಮ್ಮದು.